ಹೊಳಲಗಟ್ಟಿಯ ಹಿರೇ ಕೂಸು

1956ನೆಯ ಇಸವಿ ಅಕ್ಟೋಬರ್ 22, ಸೋಮವಾರ, ಬೆಳಗಿನ ಹತ್ತೂವರೆ. ರೇಶಿಮೆ ರುಮಾಲು ಸುತ್ತಿದ ಒಬ್ಬ ಮನುಷ್ಯ ಶಿರಹಟ್ಟಿ ಪೊಲೀಸ್ ಠಾಣೆಗೆ ಬೆವರು ಒರೆಸಿಕೊಳ್ಳುತ್ತ ಬಂದು, ಕುಂಡ್ರಿ ಎನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕುಳಿತ.

"ನಾನು ಹೊಳಲಗಟ್ಟಿ ಸರದೇಸಾಯಿ," ಎಂದ. ಆಮೇಲೆ ತಾನೇ ತಡವರಿಸಿ, "ಅಂದ್ರ, ಇನ್ನೂ ಆಗಿಲ್ರಿ. ಮುಂದಿನ ಬುಧವಾರದೊಳಗ ಆಗಾಂವ ಇದ್ದೆ. ಅಷ್ಟರಾಗ ನನ್ನ ಪದವೀನ ಕಳುವಾತು."

ಸಬ್ ಇನ್‌ಸ್ಪೆಕ್ಟರ್ ಸುಬ್ರಾಯ ಹೆಗಡೆ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಹಿಡಿದುಕೊಂಡು ಕುಳಿತ. ಸಿದ್ದಾಪುರದ ಕಡೆಯಿಂದ ವರ್ಗವಾಗಿ ಬಂದು ಅವನಿಗೆ ಎರಡು ತಿಂಗಳಾಗಿತ್ತು ಅಷ್ಟೇ. ಎತ್ತಿನ ಕಳವು, ಬಣವೆಗೆ ಬೆಂಕಿ, ಬದುವಿನ ಜಗಳ ಎಲ್ಲ ಕಂಡಾಗಿತ್ತು. ಪದವಿಯ ಕಳವು ಮಾತ್ರ ಯಾವ ಕಲಮಿಗೂ ಕೂಡುವಂತಿರಲಿಲ್ಲ.

"ವಸ್ತು ಏನು ಹೋಗಿದೆ, ಅದನ್ನು ಹೇಳಿ."

"ಸನದು. ಹಿಂದಕ ದೊರಿ ಪದವಿ ಬರದ ಕೊಟ್ಟ ಕಾಗದ."

ಫಿರ್ಯಾದಿಯ ಹೆಸರು ಪುಂಡಲೀಕಪ್ಪ, ವಯಸ್ಸು ಮೂವತ್ತೆರಡು, ಊರು ಮುಂಡರಗಿ. ಹೊಳಲಗಟ್ಟಿಯ ಸರದೇಸಾಯಿ ಲಕ್ಷ್ಮಪ್ಪನಿಗೆ ಮಕ್ಕಳಿರಲಿಲ್ಲ, ಹೆಂಡತಿ ಮೊದಲೇ ತೀರಿದ್ದಳು. ಅವನು ಸಾಯುವ ಮುಂಚೆ ದೂರದ ಸಂಬಂಧದ ಪುಂಡಲೀಕಪ್ಪನನ್ನು ದತ್ತಕ ತೆಗೆದುಕೊಂಡು, ಆಗಸ್ಟಿನಲ್ಲಿ ಕಣ್ಣುಮುಚ್ಚಿದ್ದ. ಪದವಿಯ ಜೊತೆಗೆ ಬಂದ ವತನದ ಹೊಲಗಳನ್ನು ಸರಕಾರ ಎಂದೋ ತೆಗೆದುಕೊಂಡಿತ್ತು. ಉಳಿದದ್ದು ಹೆಸರೊಂದೇ. ಆ ಹೆಸರಿನ ವಾರಸುದಾರ ಯಾರೆಂದು ಮಾಮಲೇದಾರರ ಕಚೇರಿಯ ವಾರಸಾ ರಜಿಸ್ಟರಿನಲ್ಲಿ ಬರೆಸಬೇಕು. ನವೆಂಬರ್ ಒಂದಕ್ಕೆ ಮುಂಬೈ ಸರಕಾರ ಹೋಗಿ ಕನ್ನಡ ನಾಡಿನ ಹೊಸ ಸರಕಾರ ಬರುತ್ತದೆ. ಆದ್ದರಿಂದ ಹಳೆಯ ರಜಿಸ್ಟರು ಅಕ್ಟೋಬರ್ 31ರ ಸಂಜೆ ಐದಕ್ಕೆ ಕಾಯಂ ಮುಚ್ಚುತ್ತದೆ. ಅಷ್ಟರೊಳಗೆ ಅಸಲು ಸನದು ತಂದು ತೋರಿಸಿದವನ ಹೆಸರೇ ಕಡೆಯ ಹೆಸರು.

"ಒಂದನೇ ತಾರೀಖಿಗೆ ಗದಗಿನಾಗ ಏಕೀಕರಣದ ಸಭಾ ಐತ್ರಿ. ವೇದಿಕಿ ಮ್ಯಾಲ ಸರದೇಸಾಯಿ ಅಂತ ಕುರ್ಚಿ ಹಾಕ್ಯಾರ. ಕಾರ್ಡ ಸುದ್ದಾ ಛಾಪಾ ಆಗ್ಯಾವು," ಎಂದ ಪುಂಡಲೀಕಪ್ಪ. ಅವನ ಕಣ್ಣಲ್ಲಿ ನೀರಾಡಿತು. ನಗು ಬಂದರೂ ಹೆಗಡೆ ನಗಲಿಲ್ಲ, ಮನೆಯೊಳಗಿನ ಕಳವೆಂದು ದಂಡ ಸಂಹಿತೆಯ 380ನೇ ಕಲಮಿನಡಿ ಎಫ್‌ಐಆರ್ ಬರೆದ.

ಮಧ್ಯಾಹ್ನ ಎರಡಕ್ಕೆ ಹೊಳಲಗಟ್ಟಿಯ ವಾಡೆಯಲ್ಲಿ ಪಂಚನಾಮೆ ನಡೆಯಿತು. ಜೊತೆಗೆ ಹವಾಲ್ದಾರ ಮಹಬೂಬಸಾಬ, ಪೇದೆ ತಿರಕಪ್ಪ. ವಾಡೆ ಎಂದರೆ ಅರಮನೆಯೇ ಎಂದುಕೊಂಡಿದ್ದ ಹೆಗಡೆ. ದೊಡ್ಡ ಬಾಗಿಲೇನೋ ಇತ್ತು, ಅರ್ಧ ಛಾವಣಿ ಇರಲಿಲ್ಲ. ದೇವರ ಜಗುಲಿಯ ಬದಿಗೆ ತೇಗದ ಪೆಟ್ಟಿಗೆ. ಬೀಗ ಮುರಿದಿರಲಿಲ್ಲ. ಕೀಲಿಕೈ ಯಾವಾಗಲೂ ಇರುವ ಗೂಟದಲ್ಲೇ ನೇತಾಡುತ್ತಿತ್ತು. ಒಳಗಿನ ಜರತಾರಿ ಸೆಲ್ಲೆ, ಬೆಳ್ಳಿಯ ಅಡಕೊತ್ತು ಇದ್ದಲ್ಲೇ ಇದ್ದವು. ಸನದು ಸುತ್ತಿಟ್ಟ ಬಿದಿರ ನಳಿಗೆ ಖಾಲಿಯಾಗಿತ್ತು. ಇದೆಂಥ ಕಳ್ಳನಪ್ಪಾ, ಬೆಳ್ಳಿ ಬಿಟ್ಟು ಕಾಗದ ಒಯ್ದಿದ್ದಾನೆ!

ವಾಡೆಯಲ್ಲಿ ಇದ್ದವರು ಇಬ್ಬರೇ. ಸತ್ತ ಲಕ್ಷ್ಮಪ್ಪನ ಅಕ್ಕ ಅಮೃತವ್ವ, ಅರವತ್ತು ವರ್ಷ, ಹದಿಮೂರರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಇನ್ನೊಬ್ಬಳು ಆಳಿನ ಮುದುಕಿ ದೇವವ್ವ. ಪುಂಡಲೀಕಪ್ಪ ವಾರಕ್ಕೊಮ್ಮೆ ಮುಂಡರಗಿಯಿಂದ ಬಂದುಹೋಗುವವನು.

ಅಮೃತವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ನೆಟ್ಟಗೆ ಕುಳಿತು ಉತ್ತರ ಕೊಟ್ಟಳು.

"ಸನದು ಎಲ್ಲಿದೆ, ತಾಯಿ?"

"ಅದು ಯಾರದೋ ಅವರ ಹತ್ರ ಐತಿ."

"ಯಾರದು?"

"ಅದನ್ನ ನೀವ ಹುಡುಕಬೇಕು. ಪೊಲೀಸರು ನೀವಲ್ಲೇನ್ರಿ?"

ಮಹಬೂಬಸಾಬ ಮೀಸೆಯೊಳಗೇ ನಕ್ಕ. ಹೆಗಡೆಗೆ ಕಿವಿ ಬಿಸಿಯಾಯಿತು. ದೇವವ್ವನನ್ನು ಹಿತ್ತಲಿನ ಬಾಗಿಲಿಗೆ ಕರೆಸಿದ. ಎಪ್ಪತ್ತೆಂಟರ ಮುದುಕಿ, ಬೆನ್ನು ಬಾಗಿತ್ತು, ಮಾತು ಮಾತ್ರ ಚುರುಕು.

"ಪೆಟ್ಟಿಗೆಯ ಹತ್ತಿರ ಯಾರಾದರೂ ಹೋಗಿದ್ದರೇ?"

"ಹೋಗಿತ್ರಿ."

"ಯಾರು?"

"ಕೂಸು."

"ಯಾವ ಕೂಸು?"

"ಈ ವಾಡೇದ್ದ ಕೂಸ್ರಿ. ಶುಕ್ರಾರ ಮುಂಜಾನೆ ಬಂತು, ಪೆಟಗಿ ತಗೀತು, ಕಾಗದ ತಗೊಂಡ ಹೋತು."

ಹೆಗಡೆ ಮಹಬೂಬಸಾಬನ ಮುಖ ನೋಡಿದ. ಮಹಬೂಬಸಾಬ ಗೋಡೆ ನೋಡಿದ.

"ಎಷ್ಟು ದೊಡ್ಡದು ಆ ಕೂಸು?"

"ಏನ ಹೇಳಲಿ ಯಪ್ಪಾ. ಹಲ್ಲ ಬಿದ್ದಾವು. ಗಟ್ಟಿ ರೊಟ್ಟಿ ತಿನ್ನಾಕ ಬರೂದಿಲ್ಲ, ಹಾಲಾಗ ನೆನಸಿ ಕೊಡತೀನಿ. ಗ್ವಾಡಿ ಹಿಡಕೊಂಡ ನಡೀತೈತಿ."

"ಹೆಸರು?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹೆಸರ ಹಿಡದ ನಾ ಕರೆಯಾಂಗಿಲ್ರಿ. ಎಂದೂ ಕರದಿಲ್ಲ."

"ಅದನ್ನು ಯಾರಾದರೂ ಬೈದು, ಹೊಡೆದು ಮಾಡಿದ್ದರೇ? ಯಾರಾದರೂ ಹೇಳಿಕೊಟ್ಟು ಕಳಿಸಿದ್ದರೇ?"

"ಅದಕ್ಕ್ಯಾರ ಹೇಳಿಕೊಡ್ತಾರ್ರಿ? ಭಾಳ ಹಟದ್ದು ಅದು."

ತಿರಕಪ್ಪ ಪಾಪ ಎಲ್ಲವನ್ನೂ ಹೇಳಿದ ಹಾಗೇ ಬರೆದುಕೊಂಡ. ಠಾಣೆಗೆ ಮರಳಿ ಓದಿದಾಗ ಮೂವರಿಗೂ ತಲೆ ಗಿರ್ರೆಂದಿತು. ಹಲ್ಲು ಬಿದ್ದಿವೆ ಎಂದರೆ ಆರೇಳು ವರ್ಷ. ಗೋಡೆ ಹಿಡಿದು ನಡೆಯುತ್ತದೆ ಎಂದರೆ ಹತ್ತು ತಿಂಗಳು. ಹಾಲಲ್ಲಿ ನೆನೆಸಿ ತಿನ್ನುವ ಪ್ರಾಣಿ ಕೀಲಿಕೈ ತೆಗೆದುಕೊಂಡು, ಪೆಟ್ಟಿಗೆ ತೆರೆದು, ಕಾಗದ ತೆಗೆದು, ಮತ್ತೆ ಬೀಗ ಹಾಕಿ ಗೂಟಕ್ಕೆ ನೇತುಹಾಕುತ್ತದೆಯೆ? ಅದೂ ಒಂದು ಮಗುವೂ ಇಲ್ಲದ ವಾಡೆಯಲ್ಲಿ!

"ಮುದುಕಿಗೆ ಅರಳು ಮರಳು ಆಗೇತ್ರಿ ಸಾಹೇಬ್ರ," ಎಂದ ಮಹಬೂಬಸಾಬ.

ಆದರೂ ತನಿಖೆ ಎಂದಮೇಲೆ ತನಿಖೆ. 23ರಂದು ತಿರಕಪ್ಪ ಊರೆಲ್ಲ ಸುತ್ತಿ, ಹಲ್ಲು ಬಿದ್ದ ಮಕ್ಕಳ ಬಾಯಿ ತೆರೆಸಿ ನೋಡಿ, ಹದಿನೇಳು ಹೆಸರುಗಳ ಪಟ್ಟಿ ತಂದ. ಸಂಜೆಯೊಳಗೆ ಹೊಳಲಗಟ್ಟಿಯಲ್ಲಿ ಪೊಲೀಸರು ಹಲ್ಲು ಎಣಿಸುತ್ತಾರೆಂಬ ಖಬರ ಲಕ್ಷ್ಮೇಶ್ವರದ ಸಂತೆಗೂ ಮುಟ್ಟಿತು. ಮಂದಿ ನಕ್ಕರು. ಹೆಗಡೆ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದ.

ಅವನ ತಲೆಯಲ್ಲಿ ಬೇರೆಯೇ ಹುಳು ಹೊಕ್ಕಿತ್ತು. ಅವನ ಊರಿನಲ್ಲಿ, ಅವನ ಮನೆಮಾತಿನಲ್ಲಿ ಕೂಸು ಎಂದರೆ ಶಿಶುವಲ್ಲ, ಹುಡುಗಿ. ಗಂಡಾದರೆ ಮಾಣಿ, ಹೆಣ್ಣಾದರೆ ಕೂಸು. ಮದುವೆಗೆ ಬಂದ ಹುಡುಗಿಗೂ ಕೂಸೇ. ಈ ಕಡೆ ಹಾಗಲ್ಲ, ಕೂಸಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಮಹಬೂಬಸಾಬ ಎರಡು ಸಲ ತಿಳಿಸಿ ಹೇಳಿದ್ದ. ಹೆಗಡೆ ತಲೆಯನ್ನೂ ಆಡಿಸಿದ್ದ. ಆದರೆ ತಾಯಿಯಿಂದ ಕಲಿತ ಮಾತು ಸರಕಾರಿ ವರ್ಗಾವಣೆಗೆ ಬಗ್ಗುತ್ತದೆಯೆ? ಕೂಸು ಎಂದಾಗಲೆಲ್ಲ ಅವನ ಕಣ್ಣ ಮುಂದೆ ಹುಡುಗಿಯೇ ಬರುತ್ತಿದ್ದಳು.

ಹಾಗಾಗಿಯೇ 25ರಂದು ನಜಮಾಳನ್ನು ಹಿಡಿದು ತಂದು ಕೂರಿಸಿದ. ಹತ್ತೊಂಬತ್ತರ ಈಕೆ ಬಳೆ, ಸೂಜಿ, ದಾರ ಮಾರುತ್ತ ಹಳ್ಳಿ ಹಳ್ಳಿ ತಿರುಗುವವಳು. ಶುಕ್ರವಾರ ವಾಡೆಗೆ ಹೋಗಿದ್ದ ಹೊರಗಿನವಳು ಇವಳೊಬ್ಬಳೇ.

"ವಾಡೆಯೊಳಗೆ ಎಷ್ಟು ಹೊತ್ತು ಇದ್ದೆ?"

"ಬಾಗಲದಾಗ ನಿಂತೆ, ಹೊಂಟೆ. ಅಷ್ಟರಿ."

"ದೇವವ್ವ ನಿನ್ನನ್ನು ಕೂಸು ಅಂತ ಕರೆಯುತ್ತಾಳೆಯೆ?"

ನಜಮಾ ಬೆರಗಾಗಿ ನೋಡಿದಳು. "ನನಗ್ಯಾಕ ಕರೀತಾಳ್ರಿ? ನಾ ಏನ ತೊಟ್ಟಲದಾಗ ಅದೇನೇನು?"

"ಬಳೆ ಯಾರು ತೆಗೆದುಕೊಂಡರು?"

"ಯಾರ ತಗೋತಾರ್ರಿ, ಇಬ್ಬರೂ ಗಂಡ ಸತ್ತಾವರು. ಅಮೃತವ್ವಾರು ಆರ ದಬ್ಬಣ ತಗೊಂಡ್ರು, ದಪ್ಪ ದಾರ ತಗೊಂಡ್ರು. ಕಣ್ಣ ಕಾಣಂಗಿಲ್ಲ, ಪೋಣಿಸಿ ಕೊಡ ಅಂದ್ರು. ನಿಂತಲ್ಲೇ ಆರಕ್ಕೂ ಪೋಣಿಸಿ ಕೊಟ್ಟ ಬಂದೇನಿ."

ಅವಳ ತಂದೆ ಹೊರಗೆ ಕಟ್ಟೆಯ ಮೇಲೆ ಕೈ ಮುಗಿದುಕೊಂಡು ಕುಳಿತಿದ್ದ. ಹೆಗಡೆಗೆ ನಾಚಿಕೆಯಾಯಿತು. ಹುಡುಗಿಯನ್ನು ಕಳಿಸಿ, ಜಬಾಬು ಬರೆದ ಹಾಳೆಯನ್ನು ಮತ್ತೆ ಮತ್ತೆ ಓದಿದ. ದಬ್ಬಣಕ್ಕೂ ಸನದಿಗೂ ಏನು ಸಂಬಂಧವೋ ತಿಳಿಯಲಿಲ್ಲ. ಎದ್ದು ಹೋಗಿ ಚಹಾ ಕುಡಿದು ಬಂದ, ಆಗಲೂ ತಿಳಿಯಲಿಲ್ಲ.

29ರ ಸೋಮವಾರ ಮಾಮಲೇದಾರರ ಕಚೇರಿಗೆ ಹೋದ. ಕಳುವಾದ ಕಾಗದದಲ್ಲಿ ಏನಿತ್ತು ಎಂಬುದನ್ನೇ ತಾನು ಇನ್ನೂ ಕೇಳಿಲ್ಲವಲ್ಲ ಎಂದು ಅಂದು ಬೆಳಗ್ಗೆ ಗಡ್ಡ ಹೆರೆಯುವಾಗ ಹೊಳೆದಿತ್ತು. ಹಳೆಯ ದಫ್ತರ ಕಾಯುವ ಕಾರಕೂನ ಅಂದಪ್ಪ ಕನ್ನಡಕ ಒರೆಸಿಕೊಂಡು, ಕೆಂಪು ಬಟ್ಟೆಯ ಗಂಟು ಬಿಚ್ಚಿದ. ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದ ಮನುಷ್ಯ. ಮಾತಾಡಲು ಯಾರಾದರೂ ಸಿಕ್ಕರೆ ಸಾಕಾಗಿತ್ತು.

"ಮೊದಲನೇ ಸರದೇಸಾಯಿ ಕೆರಿ ಒಡ್ಡು ಒಡದಾಗ ಮೂರ ಹಳ್ಳಿ ಉಳಿಸಿದಾಂವ. ಅದಕ್ಕ ದೊರಿ ಸನದು ಕೊಟ್ಟ. ಅಸಲು ಕನ್ನಡದಾಗ ಐತಿ, ನಮ್ಮಲ್ಲಿ ಇಲ್ಲ. ನಮ್ಮಲ್ಲಿರೂದು ಮರಾಠಿ ನಕಲು, ಸಂಸ್ಥಾನದ ಕಾಲದಾಗ ಒಬ್ಬ ಕಾರಕೂನ ಮಾಡಿದ್ದು. ಇದರಾಗ ನೋಡ್ರಿ, ಪದವಿ ಹಿರೇ ಮುಲಗಾಗ. ಅಂದ್ರ ಹಿರೇ ಗಂಡಸಮಗಗ."

"ಎಲ್ಲ ತಲೆಮಾರಿನಲ್ಲೂ ಹಿರೇ ಮಗನೇ ಆದನೆ?"

ಅಂದಪ್ಪ ಹಾಳೆ ತಿರುವಿದ. ತಿರುವುತ್ತ ತಿರುವುತ್ತ ಅವನ ಮಾತು ನಿಧಾನವಾಯಿತು. "ಮೊದಲನೇದಂವನ ಮಗ. ಅವನ ನಂತರ... ಇಲ್ಲೊಂದ ಹೆಣ್ಣಹೆಸರು ಐತಲ್ರಿ! ಸರದೇಸಾಯಿ ಅಮೃತವ್ವ. ತಮ್ಮಂದಿರು ಇಬ್ಬರಿದ್ರೂ ಈಕೀನ ಆಗ್ಯಾಳ, ಮನಿಅಳಿಯನ್ನ ತಂದಾರ. ನಲವತ್ತ ವರ್ಷ ಆಕೀದ ರುಜು. ಆಕಿ ಮಗನ ಕಾಲಕ್ಕ ನಕಲು ಆಗೇತಿ. ಮುಂದ ಅಂವನ ಮಗ ಲಕ್ಷ್ಮಪ್ಪ."

"ಹೆಣ್ಣು ಹೇಗಾದಳು? ಮುಲಗಾ ಅಂದರೆ ಗಂಡಲ್ಲವೆ?"

"ಅದ ನನಗೂ ಹತ್ತವಲ್ದು." ಅಂದಪ್ಪ ತಲೆ ಕೆರೆದುಕೊಂಡ. "ಹೋದ ತಿಂಗಳ ಈಗಿನ ಅಮೃತವ್ವಾರೂ ಇದನ್ನ ಕೇಳಾಕ ಬಂದಿದ್ರು. ಅಸಲಿನಾಗ ಮುಲಗಾ ಇಲ್ಲೋ ತಮ್ಮಾ, ಹಿರೇ ಕೂಸಿಗೆ ಅಂತ ಐತಿ, ಲಕ್ಷ್ಮಪ್ಪಗಿಂತ ಹತ್ತ ವರ್ಷ ಹಿರೇಕಿ ನಾನು ಅಂದ್ರು. ಇಲ್ಲಿ ಕುಂತ ನಾಕ ಮಂದಿ ಕಾರಕೂನರು ನಕ್ಕಬಿಟ್ರು. ಖರೆ ಹೇಳಬೇಕಂದ್ರ, ನಾನೂ ನಕ್ಕೆ."

ಹೆಗಡೆಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಹಿರೇ ಕೂಸು! "ದೊಡ್ಡ ಅಮೃತವ್ವ ಈಗಿನವರಿಗೆ ಏನಾಗಬೇಕು?"

"ಅಜ್ಜಿ. ಅಜ್ಜಿ ಹೆಸರ ಮೊಮ್ಮಗಳಿಗೆ ಇಟ್ಟಾರ. ನಮ್ಮ ಕಡೆ ಹಂಗ ಹಿರೇರ ಹೆಸರ ಇಟ್ಟರ, ಆ ಮನ್ಯಾಗಿನ ಆಳುಮಂದಿ ಕೂಸಿನ ಹೆಸರ ಹಿಡದ ಕರೆಯಾಂಗಿಲ್ರಿ. ಹಿರೇ ಅವ್ವಾರ ಹೆಸರ ಬಾಯಾಗ ಬರತೈತಲ್ಲ, ಪಾಪ ಅಂತಾರ. ಮುಪ್ಪಾದ್ರೂ ಕೂಸು ಅಂತನ ಕರೀತಾರ."

ಹೆಸರ ಹಿಡದ ನಾ ಕರೆಯಾಂಗಿಲ್ರಿ. ಎಂದೂ ಕರದಿಲ್ಲ. ಮುದುಕಿ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಹದಿನೇಳು ಮಕ್ಕಳ ಹಲ್ಲು ನೋಡಿದ್ದು ನೆನಪಾಗಿ, ಹೆಗಡೆ ತನ್ನ ಹಣೆಯನ್ನು ತಾನೇ ಬಡಿದುಕೊಂಡ.

ಆದರೆ ಊಹೆಯನ್ನು ನಂಬಿ ಹಿರಿಯ ಹೆಣ್ಣುಮಗಳ ಮನೆ ಶೋಧಿಸುವುದೆಂದರೆ ಸಣ್ಣ ಮಾತಲ್ಲ. ಧಾರವಾಡಕ್ಕೆ ಬರೆದು, ಮೇಲಿನವರ ಒಪ್ಪಿಗೆ ಬರುವ ಹೊತ್ತಿಗೆ 31ರ ಬೆಳಗಾಗಿತ್ತು. ಒಂಬತ್ತಕ್ಕೆ ಹೊಳಲಗಟ್ಟಿ ಮುಟ್ಟಿದರು. ಪುಂಡಲೀಕಪ್ಪ ಆಗಲೇ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದ.

ಪಡಸಾಲೆ ದಾಟಿ ಅಡಿಗೆಮನೆಯ ಬಾಗಿಲಿಗೆ ಹೋದ ಹೆಗಡೆ ಅಲ್ಲೇ ನಿಂತ. ಒಳಗೆ ಅಮೃತವ್ವ ಮಣೆಯ ಮೇಲೆ ಕುಳಿತಿದ್ದಳು. ದೇವವ್ವ ಬಟ್ಟಲಿನಲ್ಲಿ ರೊಟ್ಟಿ ಚೂರು ಮಾಡಿ ಹಾಲಲ್ಲಿ ನೆನೆಸಿ ಮುಂದೆ ಹಿಡಿದಿದ್ದಳು.

"ಇನ್ನೆರಡ ತುತ್ತ ಉಣ್ಣ ನನ್ನ ಕೂಸ. ನಿನ್ನಿಯಿಂದ ಏನೂ ತಿಂದಿಲ್ಲ."

ಅಮೃತವ್ವ ಹಲ್ಲಿಲ್ಲದ ಬಾಯಿ ತೆರೆದು ಒಂದು ತುತ್ತು ತೆಗೆದುಕೊಂಡಳು. ಬಾಗಿಲಲ್ಲಿ ಖಾಕಿ ಕಂಡು ನಿಧಾನವಾಗಿ ನುಂಗಿದಳು. ಗೋಡೆ ಹಿಡಿದು ಎದ್ದಳು.

"ಸಿಕ್ಕತೇನ್ರಿ ಕೂಸು?" ಎಂದು ಕೇಳಿದಳು.

"ಸಿಕ್ಕಿತು, ತಾಯಿ." ಹೆಗಡೆ ತಲೆಯ ಮೇಲಿನ ಟೋಪಿ ತೆಗೆದ. "ಅವತ್ತು ಕೊಂಡ ದಬ್ಬಣದಿಂದ ಏನು ಹೊಲಿದಿರಿ?"

ಅವಳು ಕೋಣೆಯ ಕಡೆ ಕೈ ತೋರಿಸಿದಳು. ಮಂಚದ ಮೇಲೆ ಹಳೆಯ ಸೀರೆಗಳ ಕೌದಿ ಮಡಿಚಿಟ್ಟಿತ್ತು. ಪಂಚರ ಎದುರಿಗೆ ಮಹಬೂಬಸಾಬ ಅಂಚಿನ ಹೊಲಿಗೆ ಬಿಚ್ಚಿದ. ಹೊಲಿಗೆಗಳು ಸೊಟ್ಟಸೊಟ್ಟವಾಗಿದ್ದವು. ಎರಡು ಪದರಿನ ನಡುವೆ, ಒಂದು ಸುಕ್ಕೂ ಬೀಳದಂತೆ, ಮೊಳದುದ್ದದ ಕಾಗದ. ಹೆಗಡೆ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದಿದ. 'ನಿನ್ನ ಹಿರೇ ಕೂಸಿಗೆ, ಅದರ ಹಿರೇ ಕೂಸಿಗೆ, ಕೆರೆಯಲ್ಲಿ ನೀರಿರುವ ತನಕ ಸರದೇಸಗತಿ.'

"ಯಾಕೆ ತೆಗೆದಿರಿ?"

"ಅಪ್ಪ ಸತ್ತಾಗ ನನಗ ಹದಿನಾಲ್ಕು, ಲಕ್ಷ್ಮಪ್ಪಗ ನಾಕು. ರುಮಾಲ ಅವಂಗ ಸುತ್ತಿದ್ರು, ಜಾರಿ ಕಣ್ಣಿಗೆ ಬೀಳತಿತ್ತು. ನಾನ ಹಿಂದ ನಿಂತ ಹಿಡಕೊಂಡಿದ್ದೆ. ಅವತ್ತಿಂದ ಹಿಡಕೊಂಡ ನಿಂತೇನಿ ನೋಡ್ರಿ. ಬರ ಬಂದಾಗ ಜ್ವಾಳದ ಹಗೇವ ತಗಸಿ ಊರಿಗೆ ಹಂಚಿದಾಕಿ ನಾನು. ಕೆರಿ ನೀರಿನ ಜಗಳ ಹರದಾಕಿ ನಾನು. ನಾ ಹೇಳತಿದ್ದೆ, ಅಂವ ರುಜು ಹಾಕತಿದ್ದ. ಪಾಪ, ಒಳ್ಳೇಂವ, ಎಂದೂ ಇಲ್ಲ ಅನ್ನಲಿಲ್ಲ. ಅಂವ ಇರೂತನಕ ನಾನೂ ಏನೂ ಕೇಳಲಿಲ್ಲ. ಈಗ ಕೇಳಾಕ ಹೋದರ ನಕ್ಕರು, ಅಸಲು ತಂದ ತೋರಸ್ತೀನಿ ಅಂದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನನ್ನ ಹೆಸರ ಬರೀಲಿಲ್ಲಂದ್ರ ಯಾರ ಹೆಸರೂ ಬ್ಯಾಡ ಅಂತ ಹೊಲದಬಿಟ್ಟೆ."

ಹೆಗಡೆ ಹೇಳಬಾರದಿತ್ತೇನೋ, ಆದರೆ ಬಾಯಿಗೆ ಬಂದದ್ದು ನಿಲ್ಲಲಿಲ್ಲ. "ತಾಯಿ, ನಮ್ಮ ಕಡೆ ಕೂಸು ಅಂದರೆ ಹೆಣ್ಣುಮಗಳು ಅಂತಲೇ ಅರ್ಥ. ಗಂಡಿಗೆ ಆ ಮಾತೇ ಇಲ್ಲ."

ಅಮೃತವ್ವ ಅವನನ್ನೇ ದಿಟ್ಟಿಸಿದಳು. "ಖರೇನ?"

"ಖರೆ."

"ಅಂಥಾದೂ ಒಂದ ಊರೈತಿ!" ಎಂದು ಅವಳು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೆಗಡೆ ಕಿಟಕಿಯ ಕಡೆ ತಿರುಗಿ ನಿಂತ.

ಪುಂಡಲೀಕಪ್ಪ ಸನದಿಗೆ ಕೈ ಹಾಕಿದ. "ಕೊಡ್ರಿ, ಜಲ್ದಿ ಕೊಡ್ರಿ. ಕಚೇರಿ ಐದಕ್ಕ ಬಂದ ಆಗತೈತಿ."

"ಕೊಡಲಿಕ್ಕೆ ಬರುವುದಿಲ್ಲ. ಕಳುವಿನ ಮಾಲು ಸಿಕ್ಕಿದೆ. ಪಂಚನಾಮೆ ಆಗಿ ಮೊಹರು ಬಿದ್ದು ಗದಗಿನ ಕೋರ್ಟಿಗೆ ಹೋಗಬೇಕು. ಕೋರ್ಟು ಕೊಟ್ಟಾಗ ತೆಗೆದುಕೊಳ್ಳಿ."

"ನಾನ ಫಿರ್ಯಾದಿ ಅಲ್ರಿ! ನನ್ನ ಮಾಲು!"

"ಅದಕ್ಕೇ ನಿಯಮ ಇರುವುದು. ಬೇಕಾದರೆ ಫಿರ್ಯಾದಿ ವಾಪಸು ತೆಗೆದುಕೊಳ್ಳುತ್ತೇನೆಂದು ಕೋರ್ಟಿನಲ್ಲಿ ಅರ್ಜಿ ಕೊಡಿ. ನಾಳೆ ರಜೆ, ನಾಡಿದ್ದು ಕೊಡಬಹುದು."

ಪುಂಡಲೀಕಪ್ಪ ಜಗುಲಿಯ ಮೇಲೆ ಕುಸಿದು ಕುಳಿತ. ಅರಗು ಕಾಯಿಸುತ್ತಿದ್ದ ಮಹಬೂಬಸಾಬ ತಲೆ ಎತ್ತಲಿಲ್ಲ. ಹೆಗಡೆ ನಿಯಮ ಪಾಲಿಸಿದನೋ, ನಿಯಮದ ಹಿಂದೆ ಅಡಗಿ ಬೇರೇನನ್ನೋ ಮಾಡಿದನೋ, ಅವನಿಗೇ ಕೊನೆಯವರೆಗೂ ತಿಳಿಯಲಿಲ್ಲ.

ಬಂಧನದ ಪತ್ರಕವನ್ನು ಅವನೇ ಬರೆದ. ಆರೋಪಿಯ ಹೆಸರು: ಅಮೃತವ್ವ. ವಯಸ್ಸು: ಅರವತ್ತು. ಗ್ರಾಮ: ಹೊಳಲಗಟ್ಟಿ. ಉದ್ಯೋಗದ ಅಂಕಣಕ್ಕೆ ಬಂದು ಪೆನ್ನು ನಿಂತಿತು.

"ಏನೆಂದು ಬರೆಯಲಿ, ತಾಯಿ?"

ಅವಳು ದೇವವ್ವನ ಮುಖ ನೋಡಿದಳು. ಹೇಳಿದರೆ ಇವನೂ ನಗುತ್ತಾನೋ ಏನೋ ಎಂಬ ಹೆದರಿಕೆ ಆ ಹಿರಿಯ ಮುಖದಲ್ಲಿ ಮೊದಲ ಸಲ ಕಂಡಿತು. ಹೆಗಡೆ ಮತ್ತೆ ಕೇಳಲಿಲ್ಲ, ಬರೆದ. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ.

"ಅಮೃತವ್ವ. ಸರದೇಸಾಯರ ಹಿರೇ ಕೂಸು. ಉದ್ಯೋಗ, ಹೊಳಲಗಟ್ಟಿಯ ಸರದೇಸಾಯಿ. ರುಜು ಹಾಕಿರಿ."

ಅಮೃತವ್ವ ಪೆನ್ನು ತೆಗೆದುಕೊಂಡಳು. ತಮ್ಮನ ರುಜುವಿಗೆ ಕಾಯದೆ, ತನ್ನ ಹೆಸರಿನಲ್ಲೇ, ಕಣ್ಣು ಕಾಣದಿದ್ದರೂ ಗೆರೆ ತಪ್ಪದೆ ರುಜು ಹಾಕಿದಳು. ಒಣಗುವ ತನಕ ಕಾಗದವನ್ನು ಬಿಡಲಿಲ್ಲ.

ಹನ್ನೆರಡೂವರೆಯ ಮೋಟಾರಿಗೆ ಗದಗಿಗೆ ಹೊರಟರು. ನೀನೆಲ್ಲಿಗೆ ಎಂದು ಮಹಬೂಬಸಾಬ ತಡೆದರೆ, ದೇವವ್ವ ಹಾಲಿನ ತಂಬಿಗೆಯನ್ನು ಅವನ ಕೈಗೇ ಕೊಟ್ಟು ಮೆಟ್ಟಿಲು ಹತ್ತಿದಳು. "ಕೂಸ ಒಂದನ್ನ ಕಳಸಾಕ ನನಗೇನ ಹುಚ್ಚೇನೋ ಯಪ್ಪಾ?"

ಅಂದು ಸಂಜೆ ಐದಕ್ಕೆ ಅಂದಪ್ಪ ವಾರಸಾ ರಜಿಸ್ಟರಿಗೆ ಮೊಹರು ಹಾಕಿದ. ಹೊಳಲಗಟ್ಟಿಯ ಸಾಲಿನಲ್ಲಿ ಲಕ್ಷ್ಮಪ್ಪನ ನಂತರದ ಅಂಕಣ ಖಾಲಿ ಉಳಿಯಿತು. ಮುಂಬೈ ಸರಕಾರದ ಕಾಗದದ ಮೇಲೆ ಹೊಳಲಗಟ್ಟಿಯ ಕಡೆಯ ಸರದೇಸಾಯಿಯ ಹೆಸರು ಇರುವುದು ಒಂದೇ ಕಡೆ, ಶಿರಹಟ್ಟಿ ಠಾಣೆಯ ಬಂಧನ ಪತ್ರಕದಲ್ಲಿ. ಮರುದಿನ ಬೆಳಗ್ಗೆ ಠಾಣೆಗೆ ಹೊಸ ಸರಕಾರದ ನಮೂನೆಗಳು ಬಂದವು, ತಿರಕಪ್ಪ ಹಳೆಯವನ್ನೆಲ್ಲ ಕಟ್ಟಿ ಅಟ್ಟದ ಮೇಲಿಟ್ಟ.